ಎಕ್ಸ್‌ಚೇಂಜಣ್ಣನ ಮೂವತ್ತೊಂದನೇ ಸಾಲು

ಮಹಡಿ ಮೆಟ್ಟಿಲಿನ ಕೆಳಗಿನ ಕೋಣೆ ಆರಡಿ ಅಗಲ, ಎಂಟಡಿ ಉದ್ದ. ಮೆಟ್ಟಿಲಿನ ಹೊಟ್ಟೆಯೇ ಅದರ ಸೂರು. ಹಾಗಾಗಿ ಬಾಗಿಲ ಕಡೆ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಂತೆ ತಲೆ ತಗ್ಗಿಸಲೇಬೇಕು. ಇಪ್ಪತ್ತೆಂಟು ವರ್ಷ ಅಲ್ಲಿ ಕೂತವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಎಕ್ಸ್‌ಚೇಂಜಣ್ಣ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವರೇ ಒಂದು ಕ್ಷಣ ತಡೆದು ತಿರುಗುತ್ತಿದ್ದರು.

ನಮ್ಮದು ಪ್ರಯೋಗಾಲಯಗಳಿಗೆ ಬೇಕಾದ ಗಾಜಿನ ಸಾಮಾನು ಮಾಡುವ ಕಾರ್ಖಾನೆ. ನಾನು ಮಹಡಿಯ ಮೇಲಿನ ಅಳತೆ ಕೋಣೆಯವನು. ಪಿಪೆಟ್ಟು ಎಂಬ ಗಾಜಿನ ಅಳತೆಗೊಳವೆಯಿಂದ ನೀರು ಬಿಟ್ಟು, ಆ ನೀರನ್ನು ತೂಗಿ, ಗೆರೆ ಸರಿಯಾದ ಜಾಗದಲ್ಲಿದೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೇ ಅವರು ನನ್ನನ್ನು ‘ತಕ್ಕಡಿಯವರೇ’ ಎಂದು ಕರೆಯುತ್ತಿದ್ದರು.

ಮೊದಲ ಹದಿನೇಳು ವರ್ಷ ಅವರು ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಆಗಿದ್ದರು. ಒಳಗಿನ ಐವತ್ತೆರಡು ಲೈನುಗಳ ನಂಬರೂ ನಾಲಿಗೆಯ ತುದಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಒಂದೊಂದಕ್ಕೂ ರಿಂಗ್ ಮಾಡಿ “ಲೈನ್ ಸರಿ ಇದೆಯಾ?” ಎಂದು ಕೇಳಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಪಟ್ಟಿಯ ಕೊನೆಯ ಸಾಲು ಅವರದೇ ಲೈನು. ಅದರ ಮುಂದೆ ಮಾತ್ರ ಗುರುತಿನ ಬದಲು ಒಂದು ಅಡ್ಡಗೆರೆ. ತನ್ನ ನಂಬರಿಗೆ ತಾನೇ ರಿಂಗ್ ಮಾಡಿದರೆ ಎಂಗೇಜ್ ಸದ್ದು ಬರುತ್ತದೆಯೇ ಹೊರತು ಇನ್ನೇನೂ ತಿಳಿಯುವುದಿಲ್ಲ. ಐವತ್ತೊಂದು ಜನರಿಗೆ ರಿಂಗ್ ಹೋಯಿತು ಎಂದರೆ ಐವತ್ತೆರಡನೆಯದು ಸರಿ ಇದೆ ಎಂದೇ ಅರ್ಥ. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಯಾರದಾದರೂ ಮೇಜು ಬೇರೆ ಕಡೆ ಹೋಗಿ ನಂಬರು ಬದಲಾದರೆ ಹಳೆಯ ಲೈನನ್ನು ಹತ್ತು ದಿನ ಕಡಿಯುತ್ತಿರಲಿಲ್ಲ. ಅದನ್ನು ತಮ್ಮ ಟೆಲಿಫೋನ್ ಬೋರ್ಡಿಗೆ ಎಳೆದುಕೊಂಡು ತಾವೇ ಎತ್ತುತ್ತಿದ್ದರು. “ಹಳೇ ನಂಬರ್ ಹಿಡ್ಕೊಂಡು ಬಂದೋರು ಬಾಗಿಲಲ್ಲಿ ನಿಂತು ವಾಪಸ್ ಹೋಗಬಾರದು ತಕ್ಕಡಿಯವರೇ. ಪಾಪ, ಅವರಿಗೇನು ಗೊತ್ತು?”

ಬೋರ್ಡು ಹೋಯಿತು, ಕಂಪ್ಯೂಟರುಗಳು ಬಂದವು. ಅದೇ ಕುರ್ಚಿಯಲ್ಲಿ ಕೂತು, ಪುಸ್ತಕ ಓದಿ, ಓದಿದ್ದನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು, ಎರಡು ವರ್ಷದಲ್ಲಿ ಇಡೀ ಕಾರ್ಖಾನೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದರು. ಒಳಗಿನ ಕಾಗದಪತ್ರವೆಲ್ಲ, ಅಂದರೆ ಮೇಲ್‌ಗಳೆಲ್ಲ, ಒಂದು ಯಂತ್ರದ ಮೂಲಕ ಹೋಗುತ್ತಿತ್ತು. ಅದಕ್ಕೆ ಅವರು ‘ಅಂಚೆ’ ಎಂದು ಹೆಸರಿಟ್ಟಿದ್ದರು.

ಯಂತ್ರಗಳಿಗೆ ಹೆಸರು ಅರ್ಥವಾಗುವುದಿಲ್ಲ, ನಂಬರೇ ಬೇಕು. ಅಂಚೆ ಎಂದರೆ ಯಾವ ನಂಬರು ಎಂದು ಯಾರಾದರೂ ಹೇಳಬೇಕು. ಅದಕ್ಕೆ ಎರಡು ದಾರಿ. ಎಲ್ಲ ಹೆಸರನ್ನೂ ಒಂದೇ ಯಂತ್ರದಲ್ಲಿ ಬರೆದಿಟ್ಟು ಉಳಿದವು ಅದನ್ನೇ ಕೇಳುವಂತೆ ಮಾಡುವುದು ಒಂದು. ಪ್ರತಿ ಯಂತ್ರದೊಳಗೂ ಒಂದು ಚಿಕ್ಕ ಕಡತವಿಟ್ಟು, ಎಡಕ್ಕೆ ನಂಬರು ಬಲಕ್ಕೆ ಹೆಸರು ಎಂದು ಬರೆಯುವುದು ಇನ್ನೊಂದು. ದೊಡ್ಡ ಕಡೆಗಳಲ್ಲಿ ಮೊದಲನೆಯದನ್ನೇ ಮಾಡುತ್ತಾರೆ. ಎಕ್ಸ್‌ಚೇಂಜಣ್ಣ ಎರಡನೆಯದನ್ನು ಹಿಡಿದರು.

“ಒಂದೇ ಕಡೆ ಬರೆದರೆ ನಿಮಗೆ ಓಡಾಟ ತಪ್ಪುತ್ತಲ್ಲಣ್ಣ?” ಎಂದು ನಾನೊಮ್ಮೆ ಕೇಳಿದ್ದೆ.

“ಒಂದೇ ಕಡೆ ಬರೆದು ಅಲ್ಲೇ ತಪ್ಪಾದರೆ ಊರಿಗೆ ಊರೇ ಕುರುಡಾಗುತ್ತೆ. ಪ್ರತಿ ಮೇಜಿಗೂ ಅದರದೇ ಡೈರೆಕ್ಟರಿ ಇರಲಿ. ಓಡಾಡಿದರೆ ಕಾಲೇನು ಸವೆಯುತ್ತಾ?”

ಕುರುಡು ಎಂಬ ಮಾತನ್ನು ಆಡಿದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು. ಅವರ ಮನೆಯಲ್ಲಿ ಹೆಂಡತಿಯ ತಂಗಿ ಇದ್ದಳು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋದವಳು. ಅಕ್ಕನ ಜೊತೆ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಆ ಮನೆ ಅವಳಿಗೆ ಬಾಯಿಪಾಠ. ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ, ಬಾಗಿಲಿಂದ ನಲ್ಲಿಗೆ ಹನ್ನೊಂದು, ನಲ್ಲಿಯಿಂದ ಒಲೆಗೆ ಐದು. ಹೊರಗೆ ಬಂದು ಗೋಡೆಯನ್ನು ಎಡಗೈಯಲ್ಲಿ ಸವರುತ್ತ ನೂರ ನಲವತ್ತು ಹೆಜ್ಜೆ ನಡೆದರೆ ನಮ್ಮ ಪ್ಯಾಕಿಂಗ್ ಷೆಡ್ಡು. ಅಲ್ಲಿ ಕೂತು ಪಿಪೆಟ್ಟುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಅವಳ ಉಗುರಿಗೆ ಸಿಗುತ್ತಿತ್ತು. ನಾನು ಪಾಸು ಮಾಡಿ ಕಳಿಸಿದ್ದರಲ್ಲಿ ವಾರಕ್ಕೆ ಎರಡಾದರೂ ಅವಳಿಂದ ವಾಪಸ್ ಬರುತ್ತಿದ್ದವು, “ತಕ್ಕಡಿಯವರಿಗೆ ಕಣ್ಣು ತೋರಿಸ್ಕೊಳ್ಳೋಕೆ ಹೇಳಿ” ಎಂಬ ಮಾತಿನ ಜೊತೆಗೆ.

ಒಂದು ಶುಕ್ರವಾರ ನೋಟೀಸ್ ಬೋರ್ಡಿನ ಮೇಲೆ ಆಡಳಿತದ ಮೇಡಂ ಸಹಿಯ ಒಂದು ನೋಟೀಸು ಬಂತು. ಮೇಡಂ ಬಂದು ಆರು ತಿಂಗಳಾಗಿತ್ತು. ಕಚೇರಿಯಲ್ಲಿ ಜನ ಹೆಚ್ಚಾಗಿದ್ದಾರೆ. ಮುಂದುವರಿಯಲು ಇಷ್ಟವಿರುವ ಕಚೇರಿ ಸಿಬ್ಬಂದಿ ಬರುವ ಶುಕ್ರವಾರ ಸಂಜೆ ಐದರೊಳಗೆ ತಮ್ಮ ಯಂತ್ರದಿಂದಲೇ ಮೇಡಂಗೆ ಮೇಲ್ ಬರೆಯಬೇಕು. ಬರೆಯದವರು ತಾವಾಗಿಯೇ ನಿವೃತ್ತಿ ಒಪ್ಪಿದ್ದಾರೆ ಎಂದು ತಿಳಿಯಲಾಗುವುದು. ಕಾಗದದ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಕೆಲಸ ಹೋದರೆ ಕ್ವಾರ್ಟರ್ಸ್ ಹೋಗುತ್ತದೆ. ಕ್ವಾರ್ಟರ್ಸ್ ಹೋದರೆ ಏಳು, ಹನ್ನೊಂದು, ಐದು, ನೂರ ನಲವತ್ತು ಎಲ್ಲವೂ ಹೋಗುತ್ತದೆ. ಎಕ್ಸ್‌ಚೇಂಜಣ್ಣನಿಗೆ ಆಗ ಐವತ್ತೆರಡು. ಅವರ ಹೆಂಡತಿ ಸಂಜೆ ಷೆಡ್ಡಿನ ಬಾಗಿಲಲ್ಲಿ ತಂಗಿಗಾಗಿ ಕಾಯುತ್ತ ನಿಂತಿದ್ದಾಗ ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

“ರೀ, ಮೊದಲು ನಿಮ್ಮದು ಬರೆದುಬಿಡಿ. ಊರವರ ಕೆಲಸ ಆಮೇಲೆ.”

“ಹಳೇ ಅಂಚೆ ಕಿರುಚ್ತಾ ಇದೆ ಕಣೇ. ಯಾವಾಗ ನಿಲ್ಲುತ್ತೋ. ಹೊಸದಕ್ಕೆ ಎಲ್ಲರನ್ನೂ ಬದಲಾಯಿಸಿಬಿಡ್ತೀನಿ, ಆಮೇಲೆ ಬರೀತೀನಿ. ಹಳೇದರಲ್ಲಿ ಬರೆದು ಅದು ದಾರಿಯಲ್ಲೇ ಸತ್ತರೆ?”

“ನಿಮ್ಮದು ಯಾವಾಗಲೂ ಆಮೇಲೆ.”

“ಇನ್ನೂ ಒಂದು ವಾರ ಇದೆಯಲ್ಲೇ.”

ಅಂಚೆ ಯಂತ್ರದ ಫ್ಯಾನು ಆ ತಿಂಗಳು ನಿಜವಾಗಿಯೂ ಕಿರುಚುತ್ತಿತ್ತು. ಹೊಸ ಯಂತ್ರ ಬಂದಿತ್ತು. ಗುರುವಾರದೊಳಗೆ ಬದಲಾವಣೆ ಮುಗಿಸಿ ವರದಿ ಕೊಡಿ ಎಂದು ಮೇಡಂ ಹೇಳಿದ್ದರು. ಹೆಸರು ಅದೇ, ನಂಬರು ಮಾತ್ರ ಹೊಸದು. ಅಂದರೆ ಮೂವತ್ತೊಂದು ಯಂತ್ರಗಳಲ್ಲೂ ಆ ಒಂದು ಸಾಲನ್ನು ಕೈಯಾರೆ ತಿದ್ದಬೇಕು.

ಸೋಮವಾರದಿಂದ ಬುಧವಾರದವರೆಗೆ ಅವರು ಪಟ್ಟಿ ಹಿಡಿದು ಮೇಜಿಂದ ಮೇಜಿಗೆ ನಡೆದರು. ಪ್ರತಿ ಯಂತ್ರದಲ್ಲೂ ಹಳೆಯ ನಂಬರು ಅಳಿಸಿ ಹೊಸದು ಬರೆದು, ಅಲ್ಲಿಂದಲೇ ತಮ್ಮ ವಿಳಾಸಕ್ಕೆ “ಲೈನ್ ಸರಿ ಇದೆಯಾ?” ಎಂದು ಒಂದು ಮೇಲ್ ಹಾಕಿ, ಮೆಟ್ಟಿಲಿಳಿದು ಹೋಗಿ, ಹೊಸ ಯಂತ್ರದ ಪರದೆಯಲ್ಲೇ ಅದು ಬಂದಿದೆಯೇ ನೋಡಿ, ಮತ್ತೆ ಹತ್ತಿ ಬಂದು ಗುರುತು ಹಾಕುವುದು. ನನ್ನದು ಹತ್ತೊಂಬತ್ತನೆಯದು. ಇಪ್ಪತ್ತೆರಡನೆಯದು ಖರೀದಿ ವಿಭಾಗದ ಗುಮಾಸ್ತನದು. ಅವನ ನಾಲಿಗೆಯ ಹರಿತ ನೋಡಿಯೇ ಜನ ಅವನಿಗೆ ಕತ್ತರಿ ಎಂದು ಹೆಸರಿಟ್ಟದ್ದು.

“ಏನಣ್ಣಾ, ಮನೆ ಮನೆಗೆ ಬಂದು ಯೋಗಕ್ಷೇಮ ವಿಚಾರಿಸ್ತಾ ಇದ್ದೀಯ? ಓಟು ಕೇಳೋಕೆ ಬಂದ ಹಾಗಿದೆ” ಎಂದ ಕತ್ತರಿ.

“ಮೇಡಂಗೆ ನಿನ್ನ ಕಾಗದ ಬರೆದೆಯಾ?”

“ನನಗೆಲ್ಲಿ ಬರುತ್ತೆ ಅದೆಲ್ಲ. ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತೋಷ್ಟರಲ್ಲಿ ನಿವೃತ್ತಿಯೇ ಬಂದಿರುತ್ತೆ. ನೀನೇ ಬರೆದುಬಿಡು, ಪುಣ್ಯ ಬರುತ್ತೆ.”

ಅವರು ಕತ್ತರಿಯ ಕುರ್ಚಿಯಲ್ಲಿ ಕೂತು ಅವನ ಪರವಾಗಿ ನಾಲ್ಕು ಸಾಲು ಬರೆದು ಕಳಿಸಿದರು. ಸ್ಟೋರಿನ ಇಬ್ಬರಿಗೂ ಬರೆದುಕೊಟ್ಟರೆಂದು ಆಮೇಲೆ ತಿಳಿಯಿತು.

ಬುಧವಾರ ಸಂಜೆ ಮೂವತ್ತು ಗುರುತುಗಳಾಗಿದ್ದವು. ಮೂವತ್ತೊಂದನೆಯದು ಅವರ ಸ್ವಂತ ಯಂತ್ರ. ಅದರಲ್ಲಿ ಹಳೆಯ ನಂಬರನ್ನು ಬೇಕೆಂದೇ ಉಳಿಸಿಕೊಂಡಿದ್ದರು. ಎಲ್ಲರ ಹಳೆಯ ಕಾಗದಗಳನ್ನು ಹಳೆಯ ಅಂಚೆಯಿಂದ ಹೊಸದಕ್ಕೆ ಸಾಗಿಸಬೇಕಿತ್ತಲ್ಲ. ಹಳೆಯದನ್ನು ಹೆಸರಿಂದ, ಹೊಸದನ್ನು ನಂಬರಿಂದ ಕರೆದು ಎರಡರ ನಡುವೆ ಕೂತು ಸಾಗಿಸಿದರು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅದು ಮುಗಿಯಿತು.

ಮುಗಿದ ಮೇಲೆ ಆ ಒಂದು ಸಾಲು ತಿದ್ದಬೇಕಿತ್ತು. ಒಂದು ನಿಮಿಷದ ಕೆಲಸ. ಅವರು ಪಟ್ಟಿ ತೆಗೆದುಕೊಂಡು, ಕೊನೆಯ ಸಾಲಿಗೆ ಬಂದು, ಹದಿನೇಳು ವರ್ಷ ದಿನಾ ಬೆಳಿಗ್ಗೆ ಮಾಡಿದ್ದನ್ನೇ ಮಾಡಿದರು. ಅಡ್ಡಗೆರೆ ಎಳೆದರು.

ಮೂರೂ ಇಪ್ಪತ್ತಕ್ಕೆ ಮೇಡಂಗೆ ತಮ್ಮ ಕಾಗದ ಬರೆದರು. ಅವರ ಯಂತ್ರ ಅಂಚೆ ಯಾವುದು ಎಂದು ತನ್ನ ಕಡತ ನೋಡಿ, ಹಳೆಯ ನಂಬರಿಗೇ ಹೋಯಿತು. ಹಳೆಯ ಯಂತ್ರವನ್ನು ಆಫ್ ಮಾಡಿದ್ದರೆ ‘ತಲುಪಲಿಲ್ಲ’ ಎಂಬ ಎಚ್ಚರಿಕೆ ಕಣ್ಣಮುಂದೆಯೇ ಬರುತ್ತಿತ್ತು. ಆದರೆ ಹಳೆಯ ನಂಬರು ಹಿಡಿದು ಬಂದವರು ವಾಪಸ್ ಹೋಗಬಾರದೆಂದು ಅದನ್ನು ಹತ್ತು ದಿನ ನಡೆಯಲೆಂದು ಬಿಟ್ಟಿದ್ದರು. ಅದು ಕಿರುಚುತ್ತಲೇ ಕಾಗದವನ್ನು ಮರ್ಯಾದೆಯಿಂದ ತೆಗೆದುಕೊಂಡು, ಮೇಡಂನ ಹಳೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿತು. ‘ಕಳಿಸಲಾಗಿದೆ’ ಎಂದು ಪರದೆ ಹೇಳಿತು. ಆ ಪೆಟ್ಟಿಗೆಯನ್ನು ಇನ್ನು ಯಾರೂ ತೆರೆಯುವವರಿರಲಿಲ್ಲ.

ನಾಲ್ಕು ಗಂಟೆಗೆ ವರದಿ ಕೊಟ್ಟರು. ಮೇಡಂ ಟೈಪು ಮಾಡಿಸಿದ್ದ ನಮೂನೆ ಅದು. ಒಟ್ಟು ಯಂತ್ರಗಳು ಮೂವತ್ತೊಂದು; ಬದಲಾಯಿಸಿ ಪರೀಕ್ಷಿಸಿದ್ದು ಎಷ್ಟು? ‘ಮೂವತ್ತೊಂದು’ ಎಂದು ಬರೆದು ಸಹಿ ಹಾಕಿದರು.

ಗುರುವಾರ, ಶುಕ್ರವಾರ ಅವರಿಗೆ ಒಂದು ಮೇಲ್ ಕೂಡ ಬರಲಿಲ್ಲ. ಅದರಿಂದಲೂ ಅನುಮಾನ ಹುಟ್ಟಲಿಲ್ಲ. ಅವರಿಗೆ ಬರೆಯುವವರು ಯಾರು? ಬೇಕಾದವರು ಮೆಟ್ಟಿಲ ಮೇಲಿಂದ “ಎಕ್ಸ್‌ಚೇಂಜಣ್ಣೋ!” ಎಂದು ಕೂಗುತ್ತಿದ್ದರು.

ಸೋಮವಾರ ಒಂಬತ್ತಕ್ಕೆ ಬೋರ್ಡಿನ ಮೇಲೆ ಪಟ್ಟಿ ಬಂತು. ಮುಂದುವರಿಯುವವರು ಹನ್ನೊಂದು ಜನ. ಬರೆದವರು ಅಷ್ಟೇ ಜನ. ಬರೆದ ಒಬ್ಬರನ್ನೂ ತೆಗೆದಿರಲಿಲ್ಲ. ಕೆಳಗೆ ಒಂದು ಗೆರೆ, ಅದರ ಕೆಳಗೆ ‘ನಿವೃತ್ತಿ ಒಪ್ಪಿದವರು’ ಎಂದು ಇಬ್ಬರ ಹೆಸರು. ಒಬ್ಬರು ಮೂರು ತಿಂಗಳಿಂದ ರಜೆಯಲ್ಲಿದ್ದ ಟೈಪಿಸ್ಟ್. ಇನ್ನೊಂದು ಹೆಸರು ಯಾರದೆಂದು ಅಲ್ಲಿ ನಿಂತವರಿಗೆ ತಕ್ಷಣ ಹೊಳೆಯಲಿಲ್ಲ.

“ಅಯ್ಯೋ, ಇದು ನಮ್ಮ ಎಕ್ಸ್‌ಚೇಂಜಣ್ಣ ಕಣ್ರೋ!” ಎಂದವನು ಕತ್ತರಿ.

ಹತ್ತು ನಿಮಿಷದ ನಂತರ ನನ್ನ ಮೇಜಿನ ಫೋನು ಬಡಿದುಕೊಂಡಿತು. ಮೇಡಂ ಧ್ವನಿ.

“ಹೊಸ ಮೇಲ್ ಹೇಗೆ ನಡೀತಾ ಇದೆ? ಕಾಗದ ಏನಾದರೂ ತಪ್ಪಿಹೋಗಿದೆಯಾ?”

ಪಟ್ಟಿ ಬಂದದ್ದು ನನಗಿನ್ನೂ ಗೊತ್ತಿರಲಿಲ್ಲ. ಹೊಸ ಯಂತ್ರದ ಬಗ್ಗೆ ವಿಚಾರಣೆ ಎಂದುಕೊಂಡೆ. ಒಳ್ಳೆಯವರ ಬಗ್ಗೆ ಒಂದು ಒಳ್ಳೆಯ ಮಾತು ಆಡಲು ಸಮಯ ಸಿಕ್ಕಿತಲ್ಲ ಎಂದು ಖುಷಿಯೂ ಆಯಿತು.

“ಒಂದೂ ತಪ್ಪಿಲ್ಲ ಮೇಡಂ. ಕೆಲಸ ಅಂದ್ರೆ ಅವರದು. ಕಣ್ಣಿಗೆ ಒತ್ತಿಕೊಳ್ಳೋ ಹಾಗೆ ಮಾಡಿದ್ದಾರೆ.”

ಎಕ್ಸ್‌ಚೇಂಜಣ್ಣ ಆಗ ಮೇಡಂ ಮೇಜಿನ ಮುಂದೆ ನಿಂತಿದ್ದರು. ಫೋನಿನ ಸ್ಪೀಕರ್ ಹಾಕಿತ್ತು. ಗುರುವಾರ ಬರೆದೆ ಎಂದು ಅವರು ಹೇಳಿದ್ದಕ್ಕೆ ಮೇಡಂ ಹಾಗೆ ನಾಲ್ಕು ವಿಭಾಗಗಳಿಗೆ ಫೋನು ಮಾಡಿದ್ದರು. ನಾಲ್ವರೂ ನಿಜವನ್ನೇ ಹೇಳಿದೆವು. ನಾಲ್ವರೂ ಹೊಗಳಿದೆವು.

“ಕೇಳಿದಿರಲ್ಲ? ಎಲ್ಲರದೂ ಬರುತ್ತೆ, ನಿಮ್ಮದೊಂದು ಬರಲ್ಲ. ಅಂದ್ರೆ ನೀವು ಬರೆದಿಲ್ಲ.”

ಅವರು ಕೆಳಗಿಳಿದು ತಮ್ಮ ಕೋಣೆಗೆ ಹೋದರು. ಒಂದು ಗಂಟೆ ಬೇಕಾಯಿತು. ಕಷ್ಟವಿದ್ದದ್ದಕ್ಕಲ್ಲ, ತಮ್ಮ ಕಡತವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತ ಹೋದದ್ದಕ್ಕೆ. ದೀಪದ ಬುಡದಲ್ಲೇ ಕತ್ತಲೆ. ಕೊನೆಗೆ ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿತು. ತಾರೀಖು, ಗಂಟೆ, ನಿಮಿಷ ಎಲ್ಲ ಸರಿಯಾಗಿತ್ತು. ಅದನ್ನು ಮುದ್ರಿಸಿಕೊಂಡು ನನ್ನ ಕೋಣೆಗೆ ಬಂದರು. ಮುಖದಲ್ಲಿ ಬೆವರಿದ್ದರೂ ನಗು ಇತ್ತು.

“ಸಿಕ್ತು ತಕ್ಕಡಿಯವರೇ! ನನ್ನದೇ ತಪ್ಪು. ನನ್ನ ಯಂತ್ರವನ್ನೇ ಬಿಟ್ಟುಬಿಟ್ಟಿದ್ದೆ. ನಡೀರಿ, ಒಂದು ನಿಮಿಷ ಜೊತೆಗೆ ಬನ್ನಿ. ನಿಮ್ಮ ಮಾತು ಅಂದ್ರೆ ಅವರಿಗೆ ನಂಬಿಕೆ.”

ನನಗೆ ತಿಳಿದ ಮಟ್ಟಿಗೆ ನಾನು ವಿವರಿಸಿದೆ. ಹೆಸರು, ನಂಬರು, ಹಳೆಯ ಯಂತ್ರ. ಮೇಡಂ ಪೂರ್ತಿ ಕೇಳಿದರು, ನಡುವೆ ಎರಡು ಒಳ್ಳೆಯ ಪ್ರಶ್ನೆಗಳನ್ನೂ ಹಾಕಿದರು. ಅವರು ದಡ್ಡರಲ್ಲ. ಎಲ್ಲ ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ಡ್ರಾಯರಿನಿಂದ ಗುರುವಾರದ ವರದಿಯನ್ನು ತೆಗೆದು ಮುದ್ರಿಸಿದ ಕಾಗದದ ಪಕ್ಕದಲ್ಲಿ ಅಂಚಿಗೆ ಅಂಚು ಕೂಡಿಸಿ ಇಟ್ಟರು.

“ಇದು ನಿಮ್ಮ ಸಹಿ ತಾನೇ?”

“ಹೌದು ಮೇಡಂ.”

“ಮೂವತ್ತೊಂದು ಯಂತ್ರ ಬದಲಾಯಿಸಿ ಪರೀಕ್ಷೆ ಮಾಡಿದ್ದೀನಿ ಅಂತ ಬರೆದಿದ್ದೀರಿ. ಈಗ ಮೂವತ್ತೇ ಅಂತೀರಿ. ಆ ಕಾಗದ ನಿಜ ಆದರೆ ಈ ವರದಿ ಸುಳ್ಳು. ಸುಳ್ಳು ವರದಿಗೆ ಸಹಿ ಹಾಕಿದವರನ್ನು ನಾನು ನಿವೃತ್ತಿ ಮಾಡಿಸಲ್ಲ, ವಜಾ ಮಾಡ್ತೀನಿ. ಪಿಂಚಣಿಯೂ ಇರಲ್ಲ. ಈ ವರದಿ ನಿಜ ಆದರೆ ನೀವು ಕಾಗದ ಬರೆದೇ ಇಲ್ಲ. ಎರಡರಲ್ಲಿ ಒಂದನ್ನು ಹರಿದುಹಾಕಿ. ಯಾವುದು ಅಂತ ನೀವೇ ಹೇಳಿ.”

“ಮೇಡಂ, ಇಪ್ಪತ್ತೆಂಟು ವರ್ಷ…”

“ಅದಕ್ಕೇ ಆರಿಸೋಕೆ ಬಿಟ್ಟಿದ್ದೀನಿ. ಬೇರೆಯವರಾಗಿದ್ದರೆ ಬಿಡ್ತಿರಲಿಲ್ಲ.”

“ಮನೇಲಿ ನನ್ನ ನಾದಿನಿ ಇದ್ದಾಳೆ ಮೇಡಂ. ಅವಳಿಗೆ ಕಣ್ಣು ಕಾಣಲ್ಲ. ಆ ಮನೆ ಬಿಟ್ಟರೆ…”

“ಕ್ವಾರ್ಟರ್ಸ್ ಬಿಡೋಕೆ ಮೂವತ್ತು ದಿನ ಇದೆ. ಕಣ್ಣು ಕಾಣದವರಿಗೆ ಎಲ್ಲ ಮನೆಯೂ ಒಂದೇ ಅಲ್ವಾ?”

ಮೇಡಂ ಇದನ್ನು ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡೇ ಕೇಳಿದರು.

ಎಕ್ಸ್‌ಚೇಂಜಣ್ಣ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿನ ವರದಿಯನ್ನೇ ನೋಡುತ್ತ ನಿಂತೆ. ನನ್ನದೂ ಅದೇ ಕಾರ್ಖಾನೆ, ನನ್ನದೂ ಕ್ವಾರ್ಟರ್ಸು. ಅವರು ತಾವು ಬರೆದ ಕಾಗದವನ್ನು ಎತ್ತಿಕೊಂಡು ಮೊದಲು ಎರಡಾಗಿ, ಆಮೇಲೆ ನಾಲ್ಕಾಗಿ ಹರಿದರು. ಚೂರುಗಳನ್ನು ಎಲ್ಲಿ ಹಾಕಬೇಕೆಂದು ಸುತ್ತ ನೋಡಿದರು. ಮೇಡಂ ಕಾಲಿನಿಂದ ಕಸದ ಬುಟ್ಟಿಯನ್ನು ಅವರ ಕಡೆ ಸರಿಸಿದರು.

ಹೊರಗೆ ಕತ್ತರಿ ಕಾಯುತ್ತಿದ್ದ.

“ಏನಣ್ಣಾ ಇದು? ಊರಿಗೆಲ್ಲ ದಾರಿ ಹೇಳಿ ನಿನ್ನ ಮನೆ ದಾರಿಯನ್ನೇ ಮರೆತೆಯಲ್ಲ!” ಅಂದ. ಮೂರು ದಿನದಿಂದ ಕೂಡಿಟ್ಟ ಭಯ ಇಳಿದವನ ನಗು ಅದು. ಸುತ್ತ ನಿಂತಿದ್ದ ನಾಲ್ಕೈದು ಜನರೂ ನಕ್ಕರು. ಅವರಲ್ಲಿ ಸ್ಟೋರಿನ ಇಬ್ಬರೂ ಇದ್ದರು.

“ನಿಂದು ತಲುಪಿತಲ್ಲ, ಬಿಡು” ಎಂದರು ಎಕ್ಸ್‌ಚೇಂಜಣ್ಣ.

ಉಳಿದ ದಿನಗಳನ್ನು ಅವರು ತಮ್ಮ ನೋಟ್‌ಬುಕ್ಕನ್ನು ಚೊಕ್ಕವಾಗಿ ಇನ್ನೊಂದು ಪುಸ್ತಕಕ್ಕೆ ಬರೆದಿಡುವುದರಲ್ಲಿ ಕಳೆದರು. ಯಾವ ಯಂತ್ರಕ್ಕೆ ಯಾವ ನಂಬರು, ಯಾವುದು ಎಲ್ಲಿದೆ, ಬದಲಾದರೆ ಏನೇನು ಮಾಡಬೇಕು. ಕೊನೆಯ ಪುಟದಲ್ಲಿ ‘ಸ್ವಂತ ಯಂತ್ರವನ್ನೂ ನೋಡಿ’ ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದರು. ಅವರು ಹೋದ ಮರುವಾರ ಹೊರಗಿನಿಂದ ಬಂದ ತಂತ್ರಜ್ಞನೊಬ್ಬ ಎಲ್ಲ ಹೆಸರುಗಳನ್ನೂ ಒಂದೇ ಯಂತ್ರದಲ್ಲಿ ಬರೆದು, ಉಳಿದವು ಅದನ್ನೇ ಕೇಳುವಂತೆ ಮಾಡಿದ. ಅರ್ಧ ದಿನವೂ ಹಿಡಿಯಲಿಲ್ಲ. ಆ ಪುಸ್ತಕ ಬೇಕೇ ಎಂದು ನಾನು ಕೇಳಿದಾಗ ಅದನ್ನು ಪರದೆಯ ಕೆಳಗೆ ಎತ್ತರಕ್ಕೆ ಇಟ್ಟುಕೊಂಡ. ಅಳತೆ ಸರಿಹೋಯಿತು.

ಎರಡು ತಿಂಗಳ ನಂತರ ಅವರ ಹೊಸ ಮನೆಗೆ ಹೋಗಿದ್ದೆ. ಇಕ್ಕಟ್ಟಾದ ಬೀದಿಯಲ್ಲಿ ಎರಡನೇ ಮಹಡಿಯ ಮೇಲೆ ಎರಡು ಕೋಣೆ. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಬಾಗಿಲಿಂದ ನಲ್ಲಿಗೆ ನಾಲ್ಕೇ ಹೆಜ್ಜೆ. ಎಕ್ಸ್‌ಚೇಂಜಣ್ಣ ಒಂದು ಕಾಗದದಲ್ಲಿ ಎಲ್ಲವನ್ನೂ ಅಳೆದು ಬರೆದು, ದಿನಾ ಬೆಳಿಗ್ಗೆ ನಾದಿನಿಯನ್ನು ಕೈಹಿಡಿದು ನಡೆಸಿ ಬಾಯಿಪಾಠ ಮಾಡಿಸುತ್ತಿದ್ದರಂತೆ. ಹಗಲು ಪಾಠ ಒಪ್ಪಿಸುತ್ತಾಳೆ, ನಿದ್ದೆಯಿಂದ ಎದ್ದ ಕೂಡಲೇ ಹಳೆಯದಕ್ಕೇ ಹೋಗುತ್ತಾಳೆ ಎಂದು ಅವರ ಹೆಂಡತಿ ಹೇಳಿದರು. “ಷೆಡ್ಡಿಗೆ ಹೋಗಬೇಕು ಅಕ್ಕ, ಹೊತ್ತಾಯ್ತು ಅಂತಾಳೆ. ಏನು ಹೇಳಲಿ ಹೇಳಿ. ಇವರನ್ನು ಕೇಳಿದರೆ ಗೋಡೆ ನೋಡ್ತಾ ಕೂತಿರ್ತಾರೆ.”

ನಾವು ಮಾತಾಡುತ್ತಿದ್ದಾಗ ಒಳಕೋಣೆಯಲ್ಲಿ ಮಲಗಿದ್ದವಳು ಎದ್ದಳು. ನೀರಿಗೆಂದು ಲೋಟ ಹಿಡಿದು ಬಾಗಿಲು ದಾಟಿ ಬಂದಳು. ತುಟಿ ಅಲುಗುತ್ತಿತ್ತು. ನಾಲ್ಕು ಆಯಿತು, ನಲ್ಲಿ ಬಲಗೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಅವಳು ನಿಲ್ಲಲಿಲ್ಲ. ಐದು, ಆರು. ಎಕ್ಸ್‌ಚೇಂಜಣ್ಣ ಅರ್ಧ ಎದ್ದರು. ಏಳನೆಯ ಹೆಜ್ಜೆಗೆ ಲೋಟ ಗೋಡೆಗೆ ಬಡಿದು, ಅದರ ಹಿಂದೆ ಹಣೆ ಬಡಿಯಿತು. ಹಣೆಯ ಮೇಲೆ ಆಗಲೇ ಹಳೆಯ ಎರಡು ಕಲೆಗಳಿದ್ದವು.

ಅವಳು ಅಳಲಿಲ್ಲ. ಅಂಗೈಯನ್ನು ಗೋಡೆಯ ಮೇಲಿಟ್ಟು, ಬಿರುಕು ಹುಡುಕುವವಳಂತೆ ಉಗುರಿನಿಂದ ಅದನ್ನು ಮೇಲೆ ಕೆಳಗೆ ಸವರಿದಳು.

“ಭಾವ, ನಾನು ಸರಿಯಾಗೇ ಎಣಿಸಿದೆ.”

“ಹೌದಮ್ಮ” ಎಂದರು ಎಕ್ಸ್‌ಚೇಂಜಣ್ಣ. “ಸರಿಯಾಗೇ ಎಣಿಸಿದೆ.”